ದಂಡವೂ ಸಮುತ್ಥಾನವ್ಯಯವೂ: ದಂತಚಿಕಿತ್ಸೆಯಲ್ಲಿ ಹಾನಿಗೊಂಡವರ ನ್ಯಾಯಮಾರ್ಗಗಳು

ಚರಿತ್ರೆಯ ವಿಭಾಗದ ಸಂಶೋಧನ ಪತ್ರಿಕೆಯಲ್ಲಿ ಹಲ್ಲಿನ ವೈದ್ಯದ ವಿಚಾರವೇಕೆ ಎಂದು ವಾಚಕರು ಕೇಳಬಹುದು. ಕಾರಣವಿಷ್ಟೆ. ಕಾಲೇಜೊಂದರ ಗ್ರಂಥಭಂಡಾರದಲ್ಲಿ ಬಹುಕಾಲ ಸೇವೆ ಸಲ್ಲಿಸಿ ನಿವೃತ್ತರಾದ ಹಿರಿಯರೊಬ್ಬರು ಕೆಲವು ಕಾಲದ ಹಿಂದೆ ಕಾಗದಗಳ ಒಂದು ಕಟ್ಟನ್ನು ಹಿಡಿದು ನಮ್ಮಲ್ಲಿಗೆ ಬಂದರು. ಕೆಳದವಡೆಯ ಬಲಬದಿಯ ಕೊನೆಯ ಹಲ್ಲನ್ನು, ಜನರು ಬುದ್ಧಿಹಲ್ಲೆಂದು ಕರೆಯುವುದನ್ನು, ಅವರು ಒಂದು ಖಾಸಗಿ ಚಿಕಿತ್ಸಾಲಯದಲ್ಲಿ ಕೀಳಿಸಿಕೊಂಡಿದ್ದರು. ಅಂದಿನಿಂದ ಅವರ ಕೆಳತುಟಿಯ ಅರ್ಧಭಾಗಕ್ಕೆ ಸ್ಪರ್ಶಜ್ಞಾನವಿಲ್ಲ. ಕಾಫಿ ಕುಡಿಯುವಾಗ ಅದು ತುಟಿಯಿಂದ ಜಾರಿ ಅಂಗಿಯ ಮೇಲೆ ಬಿದ್ದರೂ ತಿಳಿಯುವುದಿಲ್ಲ. ಅವರು ಮೊದಲು ಪೋಲೀಸು ಠಾಣೆಗೆ ಹೋದರು, ಅನಂತರ ದಂತ ಪರಿಷತ್ತಿಗೆ ಬರೆದರು. ಪರಿಷತ್ತು ವಿಚಾರಣೆ ನಡೆಸಿ ಆ ವೈದ್ಯರಿಗೆ ಲಿಖಿತ ಎಚ್ಚರಿಕೆಯನ್ನು ಕೊಟ್ಟಿತು. ಆ ಆದೇಶದ ಪ್ರತಿಯನ್ನು ನಮ್ಮ ಮೇಜಿನ ಮೇಲಿಟ್ಟು ಅವರು ಕೇಳಿದ ಪ್ರಶ್ನೆ ಇದು: “ಮೇಷ್ಟ್ರೇ, ತಪ್ಪು ಮಾಡಿದವರಿಗೆ ಶಿಕ್ಷೆಯೇನೋ ಆಯಿತು. ನನ್ನ ತುಟಿಗೆ ಏನು ಬಂತು?”

ಈ ಪ್ರಶ್ನೆ ಹೊಸದಲ್ಲ. ವೈದ್ಯನ ತಪ್ಪಿಗೆ ಶಿಕ್ಷೆಯನ್ನು ವಿಧಿಸುವುದು ಒಂದು, ರೋಗಿಯ ನಷ್ಟವನ್ನು ತುಂಬಿಕೊಡುವುದು ಇನ್ನೊಂದು. ಇವೆರಡೂ ನಮ್ಮ ನ್ಯಾಯಚರಿತ್ರೆಯಲ್ಲಿ ಬಹುಕಾಲ ಬೇರೆಬೇರೆಯಾಗಿಯೇ ಹರಿದು ಬಂದಿವೆ. ಇಂದಿಗೂ ಅವು ಪೂರ್ಣವಾಗಿ ಕೂಡಿಲ್ಲ. ಇದನ್ನರಿಯದೆ ಬಾಗಿಲು ತಟ್ಟಿದವನು ಗೆದ್ದರೂ ಬರಿಗೈಯಲ್ಲಿ ಮರಳಬೇಕಾಗುತ್ತದೆ.

ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ವೈದ್ಯನ ಮಿಥ್ಯಾಚರಣೆಯನ್ನು ಕುರಿತು ಒಂದು ಶ್ಲೋಕವುಂಟು. ಪಶುಗಳ ವಿಷಯದಲ್ಲಿ ಮಿಥ್ಯೆಯಾಗಿ ನಡೆದುಕೊಂಡ ವೈದ್ಯನಿಗೆ ಪ್ರಥಮ ಸಾಹಸದಂಡ, ಸಾಮಾನ್ಯ ಮನುಷ್ಯರ ವಿಷಯದಲ್ಲಾದರೆ ಮಧ್ಯಮ, ರಾಜಪುರುಷರ ವಿಷಯದಲ್ಲಾದರೆ ಉತ್ತಮ. ಅದೇ ಸ್ಮೃತಿಯ ಲೆಕ್ಕದಂತೆ ಇವು ಕ್ರಮವಾಗಿ ೨೭೦, ೫೪೦ ಮತ್ತು ೧೦೮೦ ಪಣಗಳಾಗುತ್ತವೆ. ಮನುಸ್ಮೃತಿಯಲ್ಲಿ ಪಶು ಮತ್ತು ಮನುಷ್ಯ ಎಂಬ ಎರಡೇ ಮೆಟ್ಟಿಲುಗಳಿವೆ. ರಾಜನ ನೌಕರನ ದೇಹಕ್ಕೆ ಪ್ರಜೆಯ ದೇಹಕ್ಕಿಂತ ಇಮ್ಮಡಿ ಬೆಲೆ ಕಟ್ಟಿದುದು ಯಾಜ್ಞವಲ್ಕ್ಯನಲ್ಲಿಯೇ. ಈ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಚಾಳುಕ್ಯ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಕಾಲದಲ್ಲಿ, ಇಂದು ಬೀದರ ಜಿಲ್ಲೆಯ ಬಸವಕಲ್ಯಾಣವಾಗಿರುವ ಕಲ್ಯಾಣ ನಗರದಲ್ಲಿದ್ದವನು. ಆಯುರ್ವೇದವನ್ನು ಅರಿಯದೆ, ಹೊಟ್ಟೆಪಾಡಿಗಾಗಿ ತಾನು ಚಿಕಿತ್ಸೆಯನ್ನು ಬಲ್ಲೆನೆಂದು ಹೇಳಿಕೊಂಡು ನಡೆಯುವುದನ್ನೇ ಅವನು ಮಿಥ್ಯಾಚರಣೆಯೆಂದು ಅರ್ಥೈಸುತ್ತಾನೆ. ಎಂದರೆ ಈ ಶ್ಲೋಕದ ಗುರಿ ಅರಿತವನ ಅಜಾಗರೂಕತೆಗಿಂತ ಹೆಚ್ಚಾಗಿ ಅರಿಯದವನ ಸೋಗು.

ಅರಿತವನ ತಪ್ಪಿನ ವಿಚಾರವು ಕೌಟಿಲ್ಯನಲ್ಲಿ ಹೆಚ್ಚು ಸ್ಪಷ್ಟವಾಗಿದೆ. ಅರ್ಥಶಾಸ್ತ್ರದ ಮೂಲವು ಮೈಸೂರಿನ ಪ್ರಾಚ್ಯಕೋಶಾಗಾರಕ್ಕೆ ಬಂದ ತಾಳೆಗರಿಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳ ಪರಿಷ್ಕರಣದಲ್ಲಿ ೧೯೦೯ರಲ್ಲಿ ಅಚ್ಚಾಗಿ ಲೋಕಕ್ಕೆ ದೊರೆತುದು ಸುವಿದಿತವಾಗಿದೆ. ಅದರ ಕಂಟಕಶೋಧನವೆಂಬ ನಾಲ್ಕನೆಯ ಅಧಿಕರಣವು ಮೂರು ಸಂದರ್ಭಗಳನ್ನು ಬೇರ್ಪಡಿಸುತ್ತದೆ. ಪ್ರಾಣಾಪಾಯವುಳ್ಳ ರೋಗವನ್ನು ಮುಂಚಿತವಾಗಿ ತಿಳಿಸದೆ ಚಿಕಿತ್ಸೆಗೆ ಕೈಹಾಕಿದ ಮೇಲೆ ರೋಗಿ ಸತ್ತರೆ ಪ್ರಥಮ ಸಾಹಸದಂಡ. ಚಿಕಿತ್ಸಾಕರ್ಮದ ದೋಷದಿಂದಲೇ ಸತ್ತರೆ ಮಧ್ಯಮ. ಮರ್ಮಕ್ಕೆ ಘಾತವಾಗಿ ಅಂಗವು ವಿಕಲವಾದರೆ ಅದನ್ನು ದಂಡಪಾರುಷ್ಯವೆಂದು, ಎಂದರೆ ಹೊಡೆದು ಗಾಯಗೊಳಿಸಿದ ಅಪರಾಧವೆಂದು, ತಿಳಿಯಬೇಕು. ಅಪಾಯವನ್ನು ಮೊದಲೇ ತಿಳಿಸಬೇಕೆಂಬ ಕರ್ತವ್ಯವು ಕರ್ಮದೋಷದಿಂದ ಪ್ರತ್ಯೇಕವಾಗಿ ಇಲ್ಲಿ ನಿಂತಿರುವುದನ್ನು ವಾಚಕರು ಗಮನಿಸಬೇಕು. ನಮ್ಮ ಗ್ರಂಥಪಾಲಕರ ಪ್ರಕರಣಕ್ಕೆ ಇದು ಮುಂದೆ ಬೇಕಾಗುತ್ತದೆ.

ಈ ಪಣಗಳೆಲ್ಲ ಎಲ್ಲಿಗೆ ಹೋಗುತ್ತಿದ್ದುವು? ದಂಡವು ರಾಜನ ಬೊಕ್ಕಸಕ್ಕೆ ಸಲ್ಲತಕ್ಕುದು. ವೈದ್ಯನ ಶ್ಲೋಕದಲ್ಲಿ ರೋಗಿಗೆ ಏನನ್ನಾದರೂ ಕೊಡಿಸುವ ಮಾತಿಲ್ಲ. ಆದರೆ ಅದೇ ಯಾಜ್ಞವಲ್ಕ್ಯಸ್ಮೃತಿಯ ದಂಡಪಾರುಷ್ಯ ಪ್ರಕರಣವನ್ನು ತೆರೆದರೆ ಬೇರೆಯೇ ನೋಟ ಕಾಣುತ್ತದೆ. ಕೈ, ಕಾಲು ಅಥವಾ ಹಲ್ಲನ್ನು ಮುರಿದವನಿಗೆ ಮಧ್ಯಮ ಸಾಹಸ. ಮೋಸದ ವೈದ್ಯನಿಗೆ ಹೇಳಿದ ದಂಡವೇ ಹಲ್ಲು ಮುರಿದ ಜಗಳಗಂಟನಿಗೂ. ಅದರ ಜೊತೆಗೆ, ನೋವನ್ನುಂಟುಮಾಡಿದವನು ದಂಡವನ್ನಲ್ಲದೆ ‘ಸಮುತ್ಥಾನಜ ವ್ಯಯ’ವನ್ನೂ ಕೊಡಬೇಕೆಂಬ ವಿಧಿಯುಂಟು. ಸಮುತ್ಥಾನವೆಂದರೆ ಬಿದ್ದವನು ಮತ್ತೆ ಎದ್ದು ನಿಲ್ಲುವುದು. ಅಲ್ಲಿಯವರೆಗಿನ ಔಷಧ ಪಥ್ಯಾದಿಗಳ ವೆಚ್ಚವೇ ಸಮುತ್ಥಾನವ್ಯಯ. ಮನುವೂ ಇದನ್ನು ಹೇಳಿದ್ದಾನೆ. ಬೀದಿಯ ಜಗಳದಲ್ಲಿ ಹಲ್ಲು ಕಳೆದುಕೊಂಡವನಿಗೆ ಚಿಕಿತ್ಸೆಯ ಖರ್ಚು ದೊರೆಯುವುದು, ಅನರ್ಹ ವೈದ್ಯನ ಕೈಯಲ್ಲಿ ಕಳೆದುಕೊಂಡವನಿಗೆ ಆ ಮಾತೇ ಇಲ್ಲದಿರುವುದು ವಿಚಿತ್ರವಾದರೂ ಸತ್ಯ. ಅಂಗವೈಕಲ್ಯವನ್ನು ದಂಡಪಾರುಷ್ಯವೆಂದೇ ತಿಳಿಯಬೇಕೆಂಬ ಕೌಟಿಲ್ಯನ ಮಾತನ್ನು ಮುಂದಕ್ಕೊಯ್ದರೆ ರೋಗಿಗೂ ಸಮುತ್ಥಾನವ್ಯಯವು ಸಲ್ಲಬೇಕಾಗಿತ್ತೆಂದು ವಾದಿಸಬಹುದು. ಆದರೆ ಅದು ನಮ್ಮ ಊಹೆಯೇ ಹೊರತು ಗ್ರಂಥದ ಸ್ಪಷ್ಟೋಕ್ತಿಯಲ್ಲ.

ಬ್ರಿಟಿಷರ ಕಾಲದ ೧೮೬೦ರ ದಂಡಸಂಹಿತೆಯು ಹಲ್ಲಿಗೆ ಹಳೆಯ ಗೌರವವನ್ನೇ ಉಳಿಸಿತು. ‘ಘೋರ ಗಾಯ’ದ ಎಂಟು ಪ್ರಕಾರಗಳಲ್ಲಿ ಏಳನೆಯದು ಎಲುಬು ಅಥವಾ ಹಲ್ಲು ಮುರಿಯುವುದು ಇಲ್ಲವೆ ಸ್ಥಾನದಿಂದ ಕದಲುವುದು. ೨೦೨೪ರ ಜುಲೈ ೧ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ೧೧೬ನೆಯ ಕಲಮಿನಲ್ಲಿಯೂ ಈ ವಾಕ್ಯವು ಹಾಗೆಯೇ ಮುಂದುವರಿದಿದೆ. ಅಜಾಗರೂಕ ಕೃತ್ಯದಿಂದ ಘೋರ ಗಾಯವಾದರೆ ಆ ಸಂಹಿತೆಯ ೧೨೫ನೆಯ ಕಲಮಿನಂತೆ ಮೂರು ವರ್ಷದವರೆಗೆ ಸೆರೆ, ಅಥವಾ ಹತ್ತು ಸಾವಿರ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ. ಇಷ್ಟನ್ನೋದಿದವರು ಪೋಲೀಸು ಠಾಣೆಯೇ ಸರಿಯಾದ ಸ್ಥಳವೆಂದು ಭಾವಿಸುವುದು ಸಹಜ. ನಮ್ಮ ಗ್ರಂಥಪಾಲಕರೂ ಹಾಗೆಯೇ ಭಾವಿಸಿದ್ದರು.

ಆದರೆ ವೈದ್ಯನನ್ನು ಅಪರಾಧಿಯೆಂದು ನಿಲ್ಲಿಸುವ ಹಾದಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೦೫ರ ಆಗಸ್ಟಿನಲ್ಲಿ, ಜೇಕಬ್ ಮ್ಯಾಥ್ಯೂ ವಿರುದ್ಧ ಪಂಜಾಬ್ ರಾಜ್ಯ ಎಂಬ ಮೊಕದ್ದಮೆಯಲ್ಲಿ, ಎತ್ತರದ ಹೊಸ್ತಿಲೊಂದನ್ನು ಕಟ್ಟಿತು. ಸಾಧಾರಣ ಅಜಾಗರೂಕತೆಯು ಸಾಲದು, ಅದು ಅತಿಶಯವಾದುದಾಗಿರಬೇಕು. ಬೇರೊಬ್ಬ ಸಮರ್ಥ ವೈದ್ಯನ ನಂಬಲರ್ಹವಾದ ಅಭಿಪ್ರಾಯವಿಲ್ಲದೆ ಖಾಸಗಿ ಫಿರ್ಯಾದನ್ನು ಪರಿಗಣಿಸಬಾರದು. ತನಿಖಾಧಿಕಾರಿಯು ಸ್ವತಂತ್ರ ವೈದ್ಯಾಭಿಪ್ರಾಯವನ್ನು, ಸಾಧ್ಯವಾದರೆ ಸರ್ಕಾರಿ ವೈದ್ಯರಿಂದ, ಪಡೆಯಬೇಕು. ವೈದ್ಯನನ್ನು ವಾಡಿಕೆಯಂತೆ ಬಂಧಿಸಕೂಡದು. ಕೈ ನಡುಗುತ್ತಿರುವ ಶಸ್ತ್ರವೈದ್ಯನಿಂದ ರೋಗಿಗೆ ಹಿತವಿಲ್ಲವಾದುದರಿಂದ ಈ ಹೊಸ್ತಿಲು ನ್ಯಾಯವೆಂದೇ ನಮ್ಮ ಅಭಿಪ್ರಾಯ. ಹೊಸ ಸಂಹಿತೆಯ ೧೦೬ನೆಯ ಕಲಮು ಅಜಾಗರೂಕತೆಯಿಂದಾದ ಮರಣಕ್ಕೆ ಐದು ವರ್ಷದವರೆಗೆ ಸೆರೆಯನ್ನು ವಿಧಿಸಿ, ನೋಂದಾಯಿತ ವೈದ್ಯನು ಚಿಕಿತ್ಸೆ ನಡೆಸುವಾಗ ಸಂಭವಿಸಿದುದಕ್ಕೆ ಎರಡೇ ವರ್ಷದ ಮಿತಿಯನ್ನು ಹೇಳುತ್ತದೆ. ಆದರೆ ನೋಂದಾಯಿತ ವೈದ್ಯನೆಂದರೆ ೨೦೧೯ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಅಧಿನಿಯಮದ ಪಟ್ಟಿಯಲ್ಲಿರುವವನೆಂದು ಅದರ ವಿವರಣೆಯಲ್ಲಿದೆ. ದಂತವೈದ್ಯರ ಪಟ್ಟಿ ಬೇರೆ. ವಿವರಣೆಯ ಅಕ್ಷರಗಳಲ್ಲಿ ಅದರ ಉಲ್ಲೇಖವಿಲ್ಲ. ಇದು ಕರಡನ್ನು ಬರೆದವರ ಮರವೆಯೋ ಉದ್ದೇಶವೋ, ನ್ಯಾಯಾಲಯಗಳು ಅರ್ಥೈಸಬೇಕಾದ ಮಾತು. ಅದು ಹೇಗಾದರೂ ಇರಲಿ, ಶಿಕ್ಷೆಯ ಫಲ ಸೆರೆ ಮತ್ತು ದಂಡ. ದಂಡದ ಹಣದಲ್ಲಿ ನೊಂದವರಿಗೆ ಕೊಡಿಸುವ ಅಧಿಕಾರವು ನ್ಯಾಯಾಧೀಶರಿಗೆ ಇದ್ದರೂ ಅದನ್ನು ನೆಚ್ಚಿ ಈ ಹಾದಿಯನ್ನು ಹಿಡಿಯುವುದು ವಿವೇಕವಲ್ಲ.

ದಂತ ಪರಿಷತ್ತಿನ ಹಾದಿಯೂ ದಂಡದ ಹಾದಿಯೇ. ಭಾರತದಲ್ಲಿ ದಂತವೈದ್ಯದ ಮೊದಲ ಕಾಲೇಜನ್ನು ಡಾ. ಆರ್. ಅಹಮದರು ಕಲ್ಕತ್ತೆಯಲ್ಲಿ ತೆರೆದುದು ೧೯೨೦ರಲ್ಲಿ. ಬೆಂಗಳೂರಿನ ಸರ್ಕಾರಿ ದಂತವೈದ್ಯಕೀಯ ಕಾಲೇಜು ಹುಟ್ಟಿದುದು ೧೯೫೮ರಲ್ಲಿ. ಇವುಗಳ ನಡುವೆ ೧೯೪೮ರ ದಂತವೈದ್ಯರ ಅಧಿನಿಯಮವು ಬಂದಿತು. ಅಂದು ಹಲ್ಲು ಕೀಳುತ್ತಿದ್ದವರಲ್ಲಿ ಬಹುಮಂದಿ ಪದವೀಧರರಾಗಿರಲಿಲ್ಲ. ಆದುದರಿಂದ ಆ ಕಾಯಿದೆಯು ಪಟ್ಟಿಯನ್ನು ಎರಡು ಭಾಗ ಮಾಡಿ, ಅರ್ಹತಾಪತ್ರವುಳ್ಳವರನ್ನು ಒಂದರಲ್ಲಿಯೂ ಅದಿಲ್ಲದೆ ಆ ವೃತ್ತಿಯಿಂದಲೇ ಜೀವಿಸುತ್ತಿದ್ದವರನ್ನು ಇನ್ನೊಂದರಲ್ಲಿಯೂ ಸೇರಿಸಿತು. ಸುಶ್ರುತನು ವೈದ್ಯನಿಗೆ ಹೇಳಿದ ರಾಜಾನುಜ್ಞೆಯ ಆಧುನಿಕ ರೂಪವೇ ಈ ಪಟ್ಟಿ. ೨೦೨೩ರಲ್ಲಿ ಸಂಸತ್ತು ರಾಷ್ಟ್ರೀಯ ದಂತ ಆಯೋಗ ಅಧಿನಿಯಮವನ್ನು ಅಂಗೀಕರಿಸಿ, ೧೯೪೮ರ ವ್ಯವಸ್ಥೆಯ ಸ್ಥಾನದಲ್ಲಿ ಹೊಸದೊಂದನ್ನು ನಿಲ್ಲಿಸುವ ವಿಧಿ ಮಾಡಿತು. ಹಳೆಯದರಲ್ಲಾಗಲಿ ಹೊಸದರಲ್ಲಾಗಲಿ ವೃತ್ತಿಶೀಲವನ್ನು ಕುರಿತ ದೂರನ್ನು ಕೇಳತಕ್ಕುದು ರಾಜ್ಯದ ದಂತ ಪರಿಷತ್ತು. ಅದು ಎಚ್ಚರಿಸಬಹುದು, ಪಟ್ಟಿಯಿಂದ ಹೆಸರನ್ನು ತೆಗೆಯಬಹುದು. ಮುಂದಿನ ರೋಗಿಗಳನ್ನು ಕಾಪಾಡುವ ದೃಷ್ಟಿಯಿಂದ ಇದು ಬೆಲೆಯುಳ್ಳ ಅಧಿಕಾರ. ಆದರೆ ಹಿಂದಿನ ರೋಗಿಗೆ ಒಂದು ಕಾಸನ್ನೂ ಅದು ಕೊಡಿಸಲಾರದು.

ಸಮುತ್ಥಾನವ್ಯಯಕ್ಕೆ ಬಹುಕಾಲ ಇದ್ದ ಒಂದೇ ಹಾದಿ ಸಿವಿಲ್ ದಾವೆ. ಅದರ ನಡಿಗೆಯ ವೇಗಕ್ಕೆ ಎರಡು ನಿದರ್ಶನಗಳು ಸಾಕು. ೧೯೫೩ರ ಮೇ ತಿಂಗಳಲ್ಲಿ ತೊಡೆಯೆಲುಬು ಮುರಿದ ತರುಣನೊಬ್ಬನು ಪುಣೆಯಲ್ಲಿ ಚಿಕಿತ್ಸೆಯ ತರುವಾಯ ಸತ್ತನು. ತಂದೆಗೆ ದೊರೆತ ಮೂರು ಸಾವಿರ ರೂಪಾಯಿಗಳ ಪರಿಹಾರವನ್ನು ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿದುದು ೧೯೬೮ರಲ್ಲಿ. ಚಿಕಿತ್ಸೆಯನ್ನು ಕೈಗೊಳ್ಳಬಹುದೇ ಎಂಬ ನಿರ್ಧಾರದಲ್ಲಿ, ಯಾವ ಚಿಕಿತ್ಸೆ ಎಂಬ ನಿರ್ಧಾರದಲ್ಲಿ, ಅದನ್ನು ನಡೆಸುವುದರಲ್ಲಿ, ಹೀಗೆ ಮೂರೆಡೆಯಲ್ಲಿಯೂ ವೈದ್ಯನು ಯುಕ್ತವಾದ ಎಚ್ಚರವನ್ನು ತೋರಬೇಕೆಂಬ ಸೂತ್ರವು ನಮಗೆ ದೊರೆತುದು ಆ ತೀರ್ಪಿನಿಂದಲೇ. ೧೯೬೩ರಲ್ಲಿ ಔರಂಗಾಬಾದಿನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆಯಾದ ಹೆಂಗಸಿನ ಹೊಟ್ಟೆಯಲ್ಲಿ ಬಟ್ಟೆಯ ತುಂಡು ಉಳಿದು ಆಕೆ ತೀರಿಕೊಂಡಳು. ಸರ್ಕಾರವು ಹೊಣೆಯೆಂಬ ಅಂತಿಮ ನಿರ್ಣಯ ಬಂದುದು ೧೯೯೬ರಲ್ಲಿ. ಎರಡನೆಯದು ಅತ್ಯಂತ ಸ್ಪಷ್ಟವಾದ ತಪ್ಪೆಂಬುದನ್ನು ನೆನೆದಾಗ ಮನಸ್ಸಿಗೆ ಖೇದವಾಗುತ್ತದೆ.

ಈ ಪರಿಸ್ಥಿತಿಯು ಬದಲಾದುದು ೧೯೮೬ರ ಗ್ರಾಹಕ ಸಂರಕ್ಷಣಾ ಅಧಿನಿಯಮದಿಂದ, ಇನ್ನೂ ಖಚಿತವಾಗಿ ಹೇಳುವುದಾದರೆ ೧೯೯೫ರ ನವೆಂಬರ್ ೧೩ರಂದು. ರೋಗಿಯು ಗ್ರಾಹಕನೇ, ಚಿಕಿತ್ಸೆಯು ಸೇವೆಯೇ ಎಂಬ ಪ್ರಶ್ನೆಗೆ ಅಂದು ಸರ್ವೋಚ್ಚ ನ್ಯಾಯಾಲಯವು, ಭಾರತೀಯ ವೈದ್ಯಕೀಯ ಸಂಘ ವಿರುದ್ಧ ವಿ.ಪಿ. ಶಾಂತಾ ಮೊಕದ್ದಮೆಯಲ್ಲಿ, ಹೌದೆಂದು ಉತ್ತರಿಸಿತು. ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ಕೊಡುವ ಸ್ಥಳವು ಈ ಕಾಯಿದೆಯ ಹೊರಗೆ; ಹೆಸರು ಬರೆಸಲು ತೆತ್ತ ಚಿಲ್ಲರೆ ಹಣದಿಂದ ಈ ಸ್ಥಿತಿ ಬದಲಾಗದು. ಆದರೆ ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತವಾಗಿ ಮಾಡುವ ಆಸ್ಪತ್ರೆಯಲ್ಲಿ ಉಚಿತ ರೋಗಿಗೂ ಗ್ರಾಹಕನ ಹಕ್ಕುಂಟು. ವಿದ್ಯಾರ್ಥಿಗಳ ಕೈಯಿಂದ ಕಡಮೆ ಖರ್ಚಿನಲ್ಲಿ ಹಲ್ಲು ತುಂಬಿಸಿಕೊಳ್ಳಲು ದಂತ ಕಾಲೇಜುಗಳಿಗೆ ಹೋಗುವ ಬಡವರು ನಮ್ಮ ನಾಡಿನಲ್ಲಿ ಬಹುಮಂದಿ ಇರುವುದರಿಂದ ಈ ಮಾತು ಮುಖ್ಯವಾದುದು. ರಾಜಪುರುಷನಿಗೂ ಪ್ರಜೆಗೂ ಯಾಜ್ಞವಲ್ಕ್ಯನಿಟ್ಟ ಅಂತರದೊಡನೆ ಇದನ್ನು ಹೋಲಿಸಿದರೆ ನಡೆದುಬಂದ ದಾರಿಯ ಉದ್ದವು ಗೋಚರವಾಗುತ್ತದೆ. ಎಲ್ಲರಿಗೂ ಉಚಿತವಾದ ಸರ್ಕಾರಿ ಆಸ್ಪತ್ರೆಯ ರೋಗಿಗೆ ಮಾತ್ರ ಸಿವಿಲ್ ದಾವೆಯ ಹಳೆಯ ಹಾದಿಯೇ ಗತಿ. ಈ ಕೊರತೆ ತುಂಬಿಲ್ಲ.

ಈಗ ಜಾರಿಯಲ್ಲಿರುವುದು ೨೦೨೦ರ ಜುಲೈ ೨೦ರಂದು ಚಾಲನೆಗೆ ಬಂದ ೨೦೧೯ರ ಗ್ರಾಹಕ ಸಂರಕ್ಷಣಾ ಅಧಿನಿಯಮ. ಅದರ ಸೇವೆಯ ವ್ಯಾಖ್ಯೆಯಲ್ಲಿ ಚಿಕಿತ್ಸೆಯ ಹೆಸರಿಲ್ಲವೆಂಬ ಕಾರಣದಿಂದ ವೈದ್ಯರು ಹೊರಗುಳಿಯುತ್ತಾರೆಂಬ ವಾದವನ್ನು ಸರ್ವೋಚ್ಚ ನ್ಯಾಯಾಲಯವು ೨೦೨೨ರಲ್ಲಿ ಒಪ್ಪಲಿಲ್ಲ. ತೆತ್ತ ಶುಲ್ಕವು ಐವತ್ತು ಲಕ್ಷ ರೂಪಾಯಿಗಳನ್ನು ಮೀರದಿದ್ದರೆ ದೂರು ಜಿಲ್ಲಾ ಆಯೋಗಕ್ಕೆ ಸಲ್ಲುತ್ತದೆ. ಹಲ್ಲಿನ ಪ್ರಕರಣಗಳಿಗೆ ಇದಕ್ಕಿಂತ ಮೇಲೆ ಹೋಗುವ ಪ್ರಸಂಗವೇ ಬಾರದು. ಐದು ಲಕ್ಷದವರೆಗೆ ದೂರಿಗೆ ಶುಲ್ಕವಿಲ್ಲ. ವೈದ್ಯನಿರುವ ಊರಿಗೇ ಹೋಗಬೇಕೆಂದಿಲ್ಲ, ದೂರುದಾರನು ವಾಸಿಸುವ ಜಿಲ್ಲೆಯಲ್ಲಿಯೇ ಹೂಡಬಹುದು. ವಕೀಲನಿಲ್ಲದೆ ತಾನೇ ವಾದಿಸಬಹುದು. ಕಾಲಮಿತಿ ಮಾತ್ರ ಬಿಗಿಯಾದುದು: ಕಾರಣವು ಉಂಟಾದಂದಿನಿಂದ ಎರಡು ವರ್ಷ. ಸಮರ್ಪಕ ಕಾರಣವನ್ನು ತೋರಿಸಿದರೆ ಆಯೋಗವು ವಿಳಂಬವನ್ನು ಮನ್ನಿಸಬಹುದು, ಮನ್ನಿಸಲೇಬೇಕೆಂದಿಲ್ಲ. ಠಾಣೆಯಲ್ಲಿಯೂ ಪರಿಷತ್ತಿನಲ್ಲಿಯೂ ಕಳೆದ ದಿನಗಳು ಈ ಎರಡು ವರ್ಷಗಳಿಂದ ತಾವಾಗಿಯೇ ಕಳೆದುಹೋಗುವುದಿಲ್ಲ ಎಂಬುದು ಬಹುಮಂದಿಗೆ ತಿಳಿಯದ ಸಂಗತಿ.

ಕರ್ನಾಟಕದಲ್ಲಿ ೨೦೦೭ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದಂತೆ ದಂತ ಚಿಕಿತ್ಸಾಲಯಗಳೂ ನೋಂದಣಿಯಾಗಬೇಕು. ೨೦೧೭ರ ತಿದ್ದುಪಡಿಯ ತರುವಾಯ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರವು ಕುಂದುಕೊರತೆಗಳನ್ನೂ ಕೇಳುತ್ತದೆ. ನೋಂದಣಿಯಿಲ್ಲದ ಚಿಕಿತ್ಸಾಲಯದ ಮೇಲೆ ದೂರಲು ಇದು ತಕ್ಕ ಸ್ಥಳ. ಮಾರುಕಟ್ಟೆಯ ಬದಿಯಲ್ಲಿ ಚಾಪೆ ಹಾಸಿ ಹಲ್ಲು ಕಟ್ಟುವವರ ಪ್ರಶ್ನೆ ಬೇರೆ. ತಾನು ಕಲಿಯದ ಪದ್ಧತಿಯಲ್ಲಿ ಚಿಕಿತ್ಸೆ ನಡೆಸುವುದೇ ಅಜಾಗರೂಕತೆ, ಬೇರೆ ರುಜುವಾತು ಬೇಡವೆಂದು ಸರ್ವೋಚ್ಚ ನ್ಯಾಯಾಲಯವು ೧೯೯೬ರ ಪೂನಮ್ ವರ್ಮಾ ಮೊಕದ್ದಮೆಯಲ್ಲಿ ಹೇಳಿರುವುದು ಅಂಥವರಿಗೂ ಅನ್ವಯಿಸಬಲ್ಲುದು. ವಿಜ್ಞಾನೇಶ್ವರನು ಕಲ್ಯಾಣದಲ್ಲಿ ಬರೆದ ಅರ್ಥವನ್ನೇ ದಿಲ್ಲಿಯು ಮತ್ತೆ ನುಡಿದಂತಾಯಿತು.

ಇನ್ನು ರುಜುವಾತಿನ ವಿಚಾರ. ಫಲವು ಕೆಟ್ಟಿತೆಂದ ಮಾತ್ರಕ್ಕೆ ಅಜಾಗರೂಕತೆಯಾಗದು. ಬೇರಿನ ನಾಳವನ್ನು ಶುದ್ಧಿಮಾಡುವ ನವುರಾದ ಅರವು ಒಳಗೆ ಮುರಿಯುವುದು ನಿಪುಣರ ಕೈಯಲ್ಲಿಯೂ ಸಂಭವಿಸುತ್ತದೆ. ಅದು ತಪ್ಪಲ್ಲ, ಅದನ್ನು ಮುಚ್ಚಿಟ್ಟು ರೋಗಿಯನ್ನು ಕಳುಹಿಸುವುದು ತಪ್ಪು. ಬೇಕೆಂದೇ ಮಾಹಿತಿಯನ್ನು ತಡೆಹಿಡಿಯುವುದೂ ಸೇವಾನ್ಯೂನತೆಯೆಂದು ೨೦೧೯ರ ಅಧಿನಿಯಮವು ಸ್ಪಷ್ಟವಾಗಿ ಹೇಳಿದೆ. ಕೆಟ್ಟ ಹಲ್ಲನ್ನುಳಿಸಿ ಒಳ್ಳೆಯದನ್ನು ಕಿತ್ತರೆ ವಿಷಯ ತಾನೇ ಮಾತನಾಡುತ್ತದೆ. ಎಲ್ಲ ಪ್ರಕರಣಗಳಿಗೂ ತಜ್ಞರ ಸಾಕ್ಷ್ಯವು ಬೇಕಿಲ್ಲವೆಂದು ೨೦೧೦ರ ಕಿಶನ್ ರಾವ್ ಮೊಕದ್ದಮೆಯಲ್ಲಿ ತೀರ್ಮಾನವಾಗಿದೆ. ಹಲ್ಲುಗಳಿಗೆ ವೈದ್ಯರು ಎರಡಂಕೆಯ ಸಂಖ್ಯೆಯನ್ನು ಕೊಡುತ್ತಾರೆ. ಮೊದಲ ಅಂಕೆ ಬಾಯಿಯ ಕಾಲುಭಾಗವನ್ನೂ ಎರಡನೆಯದು ಮುಂಭಾಗದ ನಡುವಿನಿಂದ ಎಣಿಸಿದ ಸ್ಥಾನವನ್ನೂ ಸೂಚಿಸುತ್ತದೆ: ೪೮ ಎಂದರೆ ಕೆಳಗಿನ ಬಲಬದಿಯ ಬುದ್ಧಿಹಲ್ಲು, ೩೮ ಎಂದರೆ ಎಡಬದಿಯದು. ಚೀಟಿಯಲ್ಲಿ ಬರೆದ ಈ ಒಂದು ಸಂಖ್ಯೆಯು ಎಷ್ಟೋ ವಾದಗಳಿಗಿಂತ ಬಲವಾದ ಸಾಕ್ಷಿ. ಸಮ್ಮತಿಯ ವಿಷಯದಲ್ಲಿ, ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರು ೨೦೦೮ರಲ್ಲಿ ಬರೆದ ಸಮೀರಾ ಕೊಹ್ಲಿ ತೀರ್ಪಿನಂತೆ, ಪರೀಕ್ಷೆಗೆ ಕೊಟ್ಟ ಒಪ್ಪಿಗೆಯು ಚಿಕಿತ್ಸೆಗೆ ಸಲ್ಲದು, ಒಂದು ಚಿಕಿತ್ಸೆಗೆ ಕೊಟ್ಟುದು ಇನ್ನೊಂದಕ್ಕೆ ಸಲ್ಲದು. ಒಪ್ಪಿಗೆಯ ಮೊದಲು ಗಣನೀಯವಾದ ಅಪಾಯಗಳನ್ನು ತಿಳಿಸಿರಬೇಕು.

ಗ್ರಂಥಪಾಲಕರ ಕಟ್ಟನ್ನು ಈ ಬೆಳಕಿನಲ್ಲಿ ಮತ್ತೆ ಬಿಚ್ಚಿದೆವು. ಕೆಳದವಡೆಯ ಎಲುಬಿನೊಳಗೆ, ಬುದ್ಧಿಹಲ್ಲಿನ ಬೇರಿನ ಸಮೀಪದಲ್ಲಿಯೇ, ತುಟಿಗೆ ಸ್ಪರ್ಶವನ್ನು ಕೊಡುವ ನರವು ಹಾಯುತ್ತದೆ. ಅದಕ್ಕೆ ಪೆಟ್ಟಾಗುವುದು ಬಲ್ಲ ಅಪಾಯವಾದುದರಿಂದ ಪೆಟ್ಟಾಯಿತೆಂಬುದೊಂದೇ ವಾದಕ್ಕೆ ಸಾಲದು. ಆದರೆ ಕೀಳುವ ಮುನ್ನ ಎಕ್ಸ್‌ರೇ ತೆಗೆದ ಗುರುತು ಆ ಕಾಗದಗಳಲ್ಲಿಲ್ಲ. ಸಮ್ಮತಿಪತ್ರವಿಲ್ಲ. ಅಪಾಯವನ್ನು ತಿಳಿಸಿರಲಿಲ್ಲವೆಂಬುದನ್ನು ಪರಿಷತ್ತಿನ ವಿಚಾರಣೆಯಲ್ಲಿ ವೈದ್ಯರೇ ಒಪ್ಪಿಕೊಂಡಿದ್ದಾರೆ. ಮುಂಚಿತವಾಗಿ ತಿಳಿಸದೆ ಕೈಹಾಕಿದವನೆಂದು ಕೌಟಿಲ್ಯನು ಬೇರ್ಪಡಿಸಿದ ವರ್ಗವೇ ಇದು. ಪರಿಷತ್ತಿನ ಆದೇಶವು ಹಣವನ್ನು ಕೊಡಿಸದಿದ್ದರೂ, ಆಯೋಗದ ಮುಂದೆ ಅವರ ಕೈಯಲ್ಲಿರುವ ಅತ್ಯಂತ ಬಲವಾದ ಕಾಗದವು ಅದೇ ಆಗಿದೆ.

ಹಲ್ಲು ಕೀಳಿಸಿದ ದಿನದಿಂದ ಅವರು ನಮ್ಮಲ್ಲಿಗೆ ಬಂದ ದಿನಕ್ಕೆ ಎರಡು ವರ್ಷ ನಾಲ್ಕು ತಿಂಗಳುಗಳಾಗಿದ್ದುವು. ಪರಿಚಿತ ವಕೀಲರೊಬ್ಬರ ನೆರವಿನಿಂದ ದೂರನ್ನೂ, ಅದರೊಡನೆ ವಿಳಂಬವನ್ನು ಮನ್ನಿಸಬೇಕೆಂಬ ಅರ್ಜಿಯನ್ನೂ ಜಿಲ್ಲಾ ಆಯೋಗಕ್ಕೆ ಸಲ್ಲಿಸಲಾಗಿದೆ. ಪರಿಷತ್ತಿನ ಆದೇಶಕ್ಕಾಗಿ ಕಾದುದನ್ನೇ ಅರ್ಜಿಯಲ್ಲಿ ಕಾರಣವಾಗಿ ತೋರಿಸಿದೆ. ಈ ಪುಟಗಳು ಅಚ್ಚಿಗೆ ಹೋಗುವ ವೇಳೆಗೆ ಆ ಅರ್ಜಿಯ ಮೇಲೆ ಆದೇಶವಾಗಿರಲಿಲ್ಲ.